ಮ್ಯಾಕ್‌ಓಎಸ್ ಬೇರೆ ಲ್ಯಾಪ್‌ಟಾಪ್‌ಗೆ ಯಾಕೆ ಬರಲ್ಲ? ಯಾವ ಓಎಸ್ ಯಾರಿಗೆ, ಒಂದು ಹೋಲಿಕೆ

ಐವತ್ತು ಸಾವಿರಕ್ಕೆ ಒಳ್ಳೇ ಲ್ಯಾಪ್‌ಟಾಪ್ ಸಿಗುತ್ತದೆ. ಅದರಲ್ಲೇ ಮ್ಯಾಕ್‌ಓಎಸ್, ಅಂದರೆ ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರ್‌ಗಳನ್ನು ನಡೆಸುವ ಮೂಲ ಸಾಫ್ಟ್‌ವೇರ್ (ಓಎಸ್), ಹಾಕಿಕೊಂಡರೆ ಆಗಲ್ವಾ, ಸುಮ್ನೆ ಯಾಕೆ ಲಕ್ಷ ಸುರಿಯಬೇಕು? ಹೀಗೆ ಕೇಳುವವರು ಬಹಳ ಜನ. ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದು ಕಾಲದಲ್ಲಿ ಒದ್ದಾಡಿದರೆ ಆಗುತ್ತಿತ್ತು. ಲೈಸೆನ್ಸ್ ಪ್ರಕಾರ ಆಗಲೂ ತಪ್ಪೇ. ಈಗ ಆ ದಾರಿಯೇ ಮುಚ್ಚುತ್ತಿದೆ. ಆದರೆ ಕಾರಣ ತಿಳಿದುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಅದು ಗೊತ್ತಾದರೆ ಮ್ಯಾಕ್ ಬೇಕಾ, ವಿಂಡೋಸ್ ಸಾಕಾ, ಉಚಿತವಾಗಿ ಸಿಗುವ ಲಿನಕ್ಸ್ ಹಾಕಬೇಕಾ, ಗೂಗಲ್ ಓಎಸ್ ಇರುವ ಕ್ರೋಮ್‌ಬುಕ್ ನೋಡಬೇಕಾ ಅನ್ನುವುದು ಅರ್ಧ ತೀರ್ಮಾನ ಆದ ಹಾಗೆಯೇ.

ನಾನು ಯಾವ ಓಎಸ್ ನೋಡಿದರೂ ಮೊದಲು ಕೇಳಿಕೊಳ್ಳುವುದು ಒಂದೇ: ಇದನ್ನು ಬರೆಯುವ ಎಂಜಿನಿಯರ್‌ಗಳ ಸಂಬಳ ಎಲ್ಲಿಂದ ಬರುತ್ತಿದೆ? ಆಪಲ್‌ನಲ್ಲಿ ಬಹುಪಾಲು ಯಂತ್ರ ಮಾರಿದ ದುಡ್ಡಿನಿಂದ. ಮೈಕ್ರೋಸಾಫ್ಟ್‌ನಲ್ಲಿ ಲೈಸೆನ್ಸ್ ಮಾರಿದ ದುಡ್ಡು, ಈಗೀಗ ಆಫೀಸ್ ಚಂದಾ ಮತ್ತು ಕ್ಲೌಡ್ (ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವ ಕಂಪ್ಯೂಟರ್‌ಗಳು) ಕೂಡ. ಗೂಗಲ್‌ನಲ್ಲಿ ಹೆಚ್ಚಾಗಿ ಜಾಹೀರಾತು. ಲಿನಕ್ಸ್‌ನಲ್ಲಿ ಸರ್ವರ್ ವ್ಯವಹಾರ ನಡೆಸುವ ಕಂಪನಿಗಳು ಕೊಡುವ ಸಂಬಳ, ಜೊತೆಗೆ ಪುಕ್ಕಟೆ ದುಡಿಯುವವರ ಶ್ರಮ. ಬೀಗ, ಅಂದರೆ ಈ ಓಎಸ್ ಈ ಯಂತ್ರದಲ್ಲಿ ಮಾತ್ರ ಓಡಬೇಕು ಅನ್ನುವ ಕಟ್ಟು, ಎಲ್ಲಿ ಬೀಳುತ್ತದೆ, ಯಾರ ಮೇಲೆ ಬೀಳುತ್ತದೆ ಅನ್ನುವುದೆಲ್ಲ ಈ ದುಡ್ಡಿನ ದಾರಿಯ ಮೇಲೆ ನಿಂತಿದೆ.

ಆಪಲ್ ಒಮ್ಮೆ ಬೀಗ ತೆಗೆದಿತ್ತು

ಆಪಲ್ ಯಾವತ್ತೂ ಹೀಗೇ ಇತ್ತು ಅಂದುಕೊಂಡವರೇ ಜಾಸ್ತಿ. ಹಾಗೇನಿಲ್ಲ. 1985ರ ಜೂನ್‌ನಲ್ಲೇ ಬಿಲ್ ಗೇಟ್ಸ್ ಆಪಲ್‌ಗೆ ಪತ್ರ ಬರೆದು, ಮ್ಯಾಕ್ ತಂತ್ರಜ್ಞಾನವನ್ನು ಬೇರೆ ಕಂಪನಿಗಳಿಗೂ ಲೈಸೆನ್ಸ್ ಕೊಡಿ ಅಂತ ಸಲಹೆ ಮಾಡಿದ್ದರು. ಆಪಲ್ ಕೇಳಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಗೇಟ್ಸ್ ಅವರದೇ ವಿಂಡೋಸ್ 1.0 ಬಂತು. ಹತ್ತು ವರ್ಷ ಕಳೆದು, ಮಾರುಕಟ್ಟೆ ಕೈಜಾರಿದ ಮೇಲೆ ಆಪಲ್‌ಗೆ ಆ ಸಲಹೆ ರುಚಿಸಿತು.

1995ರಲ್ಲಿ ಪವರ್ ಕಂಪ್ಯೂಟಿಂಗ್, ರೇಡಿಯಸ್ ಮೊದಲಾದ ಕಂಪನಿಗಳು ಅಧಿಕೃತವಾಗಿಯೇ ಮ್ಯಾಕ್ ಓಎಸ್ ಹಾಕಿದ ಯಂತ್ರಗಳನ್ನು ಮಾರತೊಡಗಿದವು. ಆಮೇಲೆ ಯುಮ್ಯಾಕ್ಸ್ ಬಂತು, ಮೊಟೊರೋಲಾ ಬಂತು. ಇವಕ್ಕೆ ಕ್ಲೋನ್ ಅಂತ ಹೆಸರು. ಆಪಲ್ ಲೆಕ್ಕ ಏನಿತ್ತು ಅಂದರೆ, ನಾವು ತಲುಪದ ಅಗ್ಗದ ಮಾರುಕಟ್ಟೆಗೆ ಇವರು ಹೋಗಲಿ, ವಿಂಡೋಸ್ ಗಿರಾಕಿಗಳನ್ನು ಎಳೆದು ತರಲಿ, ನಮಗೆ ಪ್ರತಿ ಯಂತ್ರಕ್ಕೆ ಒಂದಿಷ್ಟು ಲೈಸೆನ್ಸ್ ಶುಲ್ಕ ಬರಲಿ. ಆಗಿದ್ದೇ ಬೇರೆ. ಪವರ್ ಕಂಪ್ಯೂಟಿಂಗ್‌ನವರು ಅಗ್ಗದ ಮೂಲೆಗೆ ಹೋಗಲಿಲ್ಲ. ಆಪಲ್‌ಗೆ ಒಳ್ಳೇ ಲಾಭ ತರುತ್ತಿದ್ದ ದುಬಾರಿ ಯಂತ್ರಗಳ ಗಿರಾಕಿಗಳನ್ನೇ, ಅಂದರೆ ಮುದ್ರಣ ಮತ್ತು ಡಿಸೈನ್ ಕೆಲಸದವರನ್ನೇ ಹಿಡಿದರು. ಅದೇ ಓಎಸ್, ಅದೇ ಜಾತಿಯ ಚಿಪ್, ವೇಗ ಜಾಸ್ತಿ, ಬೆಲೆ ಕಡಿಮೆ. ಗಿರಾಕಿಗೇನು, ಹಬ್ಬ. ಆಪಲ್‌ಗೆ ಮಾತ್ರ ಒಂದು ಕ್ಲೋನ್ ಮಾರಾಟವಾದಾಗಲೆಲ್ಲ ದೊಡ್ಡ ಲಾಭ ಹೋಗಿ ಚಿಲ್ಲರೆ ಶುಲ್ಕ ಕೈಗೆ ಬರುತ್ತಿತ್ತು. ಓಎಸ್ ಬರೆಯುವ ಖರ್ಚು ಪೂರ್ತಿ ಇವರದು, ಲಾಭ ಹಂಚಿಕೆ.

1997ರ ಆರ್ಥಿಕ ವರ್ಷದಲ್ಲಿ ಆಪಲ್ ನಷ್ಟ ನೂರು ಕೋಟಿ ಡಾಲರ್ ದಾಟಿತು. ಕ್ಲೋನ್ ಒಂದೇ ಕಾರಣ ಅಲ್ಲ, ಆ ಕಂಪನಿಯಲ್ಲಿ ಆಗ ಸರಿ ಇದ್ದದ್ದೇ ಕಡಿಮೆ. ಆದರೆ ಕಂಪನಿಗೆ ವಾಪಸ್ ಬಂದ ಸ್ಥಾಪಕ ಸ್ಟೀವ್ ಜಾಬ್ಸ್ ಮೊದಲು ಕತ್ತರಿ ಹಾಕಿದ್ದರಲ್ಲಿ ಇದೂ ಒಂದು. ಹೇಗೆ ಕತ್ತರಿಸಿದರು ಅನ್ನುವುದೂ ಮಜವಾಗಿದೆ. ಕ್ಲೋನ್ ಕಂಪನಿಗಳ ಒಪ್ಪಂದ ಆಗಿನ ಮ್ಯಾಕ್ ಓಎಸ್ ಆವೃತ್ತಿಯಾದ ಸಿಸ್ಟಂ 7ಕ್ಕೆ ಮಾತ್ರ ಇತ್ತು. 7.7 ಅಂತ ಬರಬೇಕಿದ್ದ ಆವೃತ್ತಿಗೆ ಮ್ಯಾಕ್ ಓಎಸ್ 8 ಅಂತ ಹೆಸರಿಟ್ಟು 1997ರ ಜುಲೈನಲ್ಲಿ ಬಿಟ್ಟರು. ಒಪ್ಪಂದ ಅಲ್ಲಿಗೆ ಮುಗಿಯಿತು! ಸೆಪ್ಟೆಂಬರ್‌ನಲ್ಲಿ ಪವರ್ ಕಂಪ್ಯೂಟಿಂಗ್‌ನ ಮ್ಯಾಕ್ ವ್ಯವಹಾರವನ್ನು ಹತ್ತು ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಕೊಂಡುಕೊಂಡರು. ಆಮೇಲೆ ಆಪಲ್ ಆ ಬಾಗಿಲು ಮತ್ತೆ ತೆಗೆದಿಲ್ಲ.

ಈಗ ಮ್ಯಾಕ್‌ಓಎಸ್ ಬೆಲೆ ನೋಡಿ. ಲೆಪರ್ಡ್ ಆವೃತ್ತಿಗೆ 129 ಡಾಲರ್ ಇತ್ತು. 2009ರ ಸ್ನೋ ಲೆಪರ್ಡ್‌ಗೆ 29. 2013ರ ಮಾವೆರಿಕ್ಸ್‌ನಿಂದ ಪೂರ್ತಿ ಉಚಿತ. ಹೋಟೆಲ್‌ನಲ್ಲಿ ದೋಸೆ ಜೊತೆ ಚಟ್ನಿ ಎಷ್ಟು ಬೇಕಾದರೂ ಬಡಿಸುತ್ತಾರೆ, ಹಾಗಂತ ಚಟ್ನಿ ಮಾತ್ರ ಕಟ್ಟಿಸಿಕೊಂಡು ಪಕ್ಕದ ಅಂಗಡಿಯ ದೋಸೆಗೆ ಹಚ್ಚಿಕೊಳ್ಳುತ್ತೇನೆ ಅಂದರೆ ಸುಮ್ಮನಿರುತ್ತಾರಾ? ಚಟ್ನಿಯ ದುಡ್ಡು ದೋಸೆ ಬಿಲ್ಲಿನಲ್ಲೇ ಸೇರಿದೆ ಅಲ್ವಾ.

ಆ ಬಿಲ್ಲು ಎಲ್ಲಿ ಕಾಣುತ್ತದೆ ಅಂತ ತೋರಿಸುತ್ತೇನೆ. 2024ರ ಕೊನೆಗೆ ಬಂದ ಎಂ4 ಮ್ಯಾಕ್ ಮಿನಿ ನಮ್ಮಲ್ಲಿ 59,900 ರೂಪಾಯಿಗೆ ಶುರುವಾಯಿತು, 16 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜ್. ಅದೇ ಯಂತ್ರದಲ್ಲಿ ಸ್ಟೋರೇಜ್ 512 ಆಗಬೇಕು ಅಂದರೆ 79,900. ಇನ್ನೊಂದು 256 ಜಿಬಿಗೆ ಇಪ್ಪತ್ತು ಸಾವಿರ! ಆಗ ಅಂಗಡಿಯಲ್ಲಿ ಅಷ್ಟು ದುಡ್ಡಿಗೆ ಟಿಬಿ ಲೆಕ್ಕದಲ್ಲಿ ಎಸ್‌ಎಸ್‌ಡಿ ಬರುತ್ತಿತ್ತು. ಉಚಿತ ಓಎಸ್‌ಗೆ ನೀವು ದುಡ್ಡು ಕೊಡುವ ಜಾಗಗಳಲ್ಲಿ ಇದೂ ಒಂದು. ಶುರುವಿನ ಮಾದರಿ ಕೊಟ್ಟ ದುಡ್ಡಿಗೆ ನಿಜಕ್ಕೂ ಚೆನ್ನಾಗಿರುತ್ತದೆ, ಮೇಲೆ ಹತ್ತಿದಂತೆ ಚರ್ಮ ಸುಲಿಯುತ್ತಾರೆ. ಮ್ಯಾಕ್ ಕೊಳ್ಳುವವರಿಗೆ ನನ್ನ ಸಲಹೆ ಯಾವಾಗಲೂ ಒಂದೇ: ಕೆಳಗಿನ ಮಾದರಿ ತಗೊಳ್ಳಿ, ಜಾಗ ಸಾಲದಿದ್ದರೆ ಹೊರಗಿಂದ ಎಸ್‌ಎಸ್‌ಡಿ ಸಿಕ್ಕಿಸಿ.

ಬೀಗದ ಒಳಗೆ ಒಂದು ಪದ್ಯ

2006ರಲ್ಲಿ ಮ್ಯಾಕ್‌ಗಳು ಇಂಟೆಲ್ ಚಿಪ್‌ಗೆ ಬದಲಾದವು. ಅಂದರೆ ಡೆಲ್, ಎಚ್‌ಪಿ ಒಳಗಿದ್ದ ಜಾತಿಯ ಚಿಪ್ಪೇ ಮ್ಯಾಕ್ ಒಳಗೂ ಕೂತಿತು. ಇನ್ನು ತಡೆಯುವುದು ಹೇಗೆ? ಇಂಟೆಲ್ ಮ್ಯಾಕ್‌ಗಳಲ್ಲಿ ಎಸ್‌ಎಂಸಿ ಅಂತ ಒಂದು ಸಣ್ಣ ಚಿಪ್ ಇರುತ್ತಿತ್ತು. ಫ್ಯಾನ್, ಬ್ಯಾಟರಿ, ಪವರ್ ಬಟನ್ ನೋಡಿಕೊಳ್ಳುವುದು ಅದರ ಕೆಲಸ. ಆಪಲ್ ಅದರೊಳಗೆ 64 ಅಕ್ಷರದ ಒಂದು ಕೀಲಿ ಇಟ್ಟಿತು. ಫೈಲ್ ತೋರಿಸುವ ಫೈಂಡರ್, ಐಕಾನ್ ಸಾಲಿನ ಡಾಕ್‌ನಂಥ ಮುಖ್ಯ ಪ್ರೋಗ್ರಾಂಗಳನ್ನು ಗೂಢಲಿಪಿಯಲ್ಲಿ ಕಟ್ಟಿಟ್ಟು, ಅವನ್ನು ಬಿಚ್ಚಲು ಆ ಕೀಲಿ ಬೇಕು ಅಂತ ಮಾಡಿತು. ಬಿಚ್ಚುವ ತುಣುಕಿನ ಹೆಸರೇ "ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಟೆನ್". ಕೀಲಿ ಯಾವುದೋ ಅರ್ಥವಿಲ್ಲದ ಅಂಕಿಗಳ ಸಾಲಲ್ಲ, ಇಂಗ್ಲಿಷ್‌ನಲ್ಲಿ ಪದ್ಯದ ಹಾಗಿರುವ ಒಂದು ವಾಕ್ಯ: ಈ ಮಾತುಗಳ ಕಾವಲಿನಲ್ಲಿದೆ ನಮ್ಮ ದುಡಿಮೆ, ದಯವಿಟ್ಟು ಕದಿಯಬೇಡಿ, ಇಂತಿ ಆಪಲ್ ಕಂಪ್ಯೂಟರ್.

ಗೊತ್ತಾದ ಮೇಲೆ ಇದೇನು ಬೀಗ, ಚಿಲಕ ಅಷ್ಟೇ. ಹ್ಯಾಕಿಂಟಾಷ್ ಮಂದಿ, ಅಂದರೆ ಬೇರೆ ಪಿಸಿಗೆ ಮ್ಯಾಕ್‌ಓಎಸ್ ಹಾಕುವ ಹವ್ಯಾಸಿಗಳು, ಆ ವಾಕ್ಯವನ್ನು ಸಾಫ್ಟ್‌ವೇರ್‌ನಿಂದಲೇ ಒದಗಿಸಿ ಮುಂದೆ ಹೋದರು. ಆಪಲ್ ಕೂಡ ಮನೆಯಲ್ಲಿ ಕೂತು ಆಟ ಆಡುವವರ ಹಿಂದೆ ಬಿದ್ದದ್ದು ಕಡಿಮೆ. ಆದರೆ ಮಾರಾಟಕ್ಕೆ ಇಳಿದವರನ್ನು ಬಿಡಲಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಸೈಸ್ಟಾರ್ ಅನ್ನುವ ಕಂಪನಿ 2008ರಲ್ಲಿ ಮ್ಯಾಕ್ ಓಎಸ್ ಹಾಕಿದ ಪಿಸಿಗಳನ್ನು ಮಾರತೊಡಗಿತು. ಓಎಸ್ ಡಿಸ್ಕನ್ನು ದುಡ್ಡು ಕೊಟ್ಟೇ ಕೊಳ್ಳುತ್ತಿದ್ದೇವೆ, ಕದ್ದಿಲ್ಲ, ಯಂತ್ರದ ಜೊತೆ ಗಂಟುಹಾಕುವ ಹಕ್ಕು ಆಪಲ್‌ಗೆ ಎಲ್ಲಿಂದ ಬಂತು ಅಂತ ಅವರ ವಾದ. ಕೇಳೋಕೆ ನ್ಯಾಯ ಅನ್ನಿಸುತ್ತದೆ. ಕೋರ್ಟ್ ಒಪ್ಪಲಿಲ್ಲ. 2009ರ ನವೆಂಬರ್‌ನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಆಪಲ್ ಪರ ತೀರ್ಪು ಕೊಟ್ಟರು, 2011ರಲ್ಲಿ ಮೇಲ್ಮನವಿಯಲ್ಲೂ ಅದೇ ನಿಂತಿತು. ತಿರುಳು ಇಷ್ಟು: ನೀವು ಕೊಳ್ಳುವುದು ಓಎಸ್ ಅಲ್ಲ, ಅದನ್ನು ಬಳಸುವ ಪರವಾನಗಿ. ಪರವಾನಗಿಗೆ ಷರತ್ತು ಹಾಕಬಹುದು. ನಿಮಗೆ ಇಷ್ಟವಿಲ್ಲದಿದ್ದರೆ ನಿಮ್ಮದೇ ಓಎಸ್ ಬರೆದುಕೊಳ್ಳಿ, ಯಾರೂ ತಡೆದಿಲ್ಲ.

ಆ ಷರತ್ತು ಈಗಲೂ ಎಷ್ಟು ಬಿಗಿ ಅಂದರೆ, ಒಂದು ಮ್ಯಾಕ್ ಒಳಗೆ ವರ್ಚುವಲ್ ಯಂತ್ರಗಳಾಗಿ (ಸಾಫ್ಟ್‌ವೇರ್‌ನಿಂದಲೇ ಕಟ್ಟಿದ ಕಂಪ್ಯೂಟರ್‌ಗಳಾಗಿ) ಇನ್ನು ಎರಡು ಮ್ಯಾಕ್‌ಓಎಸ್ ಮಾತ್ರ ಓಡಿಸಬಹುದು. ಅಮೆಜಾನ್‌ನಂಥ ಅಮೆಜಾನ್‌ಗೂ ಬಗ್ಗಲಿಲ್ಲ. ಅವರ ಕ್ಲೌಡ್‌ನಲ್ಲಿ ಮ್ಯಾಕ್ ಬಾಡಿಗೆಗೆ ತಗೊಂಡರೆ ಕನಿಷ್ಠ 24 ಗಂಟೆ ಹಿಡಿಯಲೇಬೇಕು. ಬೇರೆ ಸರ್ವರ್‌ಗಳನ್ನು ಸೆಕೆಂಡಿನ ಲೆಕ್ಕದಲ್ಲಿ ಕೊಡುವವರು ಇದಕ್ಕೆ ಮಾತ್ರ ದಿನದ ಲೆಕ್ಕ ಇಟ್ಟಿದ್ದು ಆಪಲ್ ಲೈಸೆನ್ಸಿನಲ್ಲಿ ಹಾಗೆ ಬರೆದಿರುವುದಕ್ಕೆ. ಅಲ್ಲಿ ಇರುವುದೂ ನಿಜವಾದ ಮ್ಯಾಕ್‌ಗಳೇ.

ದುಡ್ಡು ಬಿಟ್ಟು ಬೇರೆ ಕಾರಣ ಇಲ್ವಾ?

ಇದೆ. ಅದನ್ನು ಕಡೆಗಣಿಸಿದರೆ ಹೋಲಿಕೆ ಒಂದೇ ಕಡೆಗೆ ವಾಲುತ್ತದೆ.

ವಿಂಡೋಸ್ ಬರೆಯುವವರಿಗೆ ನಾಳೆ ಅದು ಯಾವ ಯಂತ್ರದಲ್ಲಿ ಓಡುತ್ತದೆ ಅನ್ನುವುದು ಗೊತ್ತಿರಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಭಾಗ ತಂದು ಜೋಡಿಸಿದ ಪಿಸಿಯೂ ಇರಬಹುದು, ಎಲ್ಲೂ ಹೆಸರು ಕೇಳದ ವೈಫೈ ಕಾರ್ಡೂ ಇರಬಹುದು. ಪ್ರತಿಯೊಂದಕ್ಕೂ ಡ್ರೈವರ್, ಅಂದರೆ ಆ ಭಾಗವನ್ನು ಓಎಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್ ಬೇಕು. ಅದನ್ನು ಬರೆಯುವುದು ಆ ಭಾಗ ಮಾಡಿದ ಕಂಪನಿ, ಕೆಟ್ಟರೆ ಬೈಗುಳ ತಿನ್ನುವುದು ಮೈಕ್ರೋಸಾಫ್ಟ್. ಮ್ಯಾಕ್‌ಓಎಸ್ ಬರೆಯುವವರಿಗೆ ಯಂತ್ರಗಳ ಪಟ್ಟಿ ಬೆರಳೆಣಿಕೆಯಷ್ಟು. ಮುಚ್ಚಳ ಮುಚ್ಚಿದರೆ ಮಲಗಬೇಕು, ತೆಗೆದರೆ ಏಳಬೇಕು ಅನ್ನುವ ಸಣ್ಣ ಕೆಲಸ ಮ್ಯಾಕ್‌ನಲ್ಲಿ ಸಲೀಸಾಗಿ ನಡೆಯುವುದು, ವಿಂಡೋಸ್ ಲ್ಯಾಪ್‌ಟಾಪ್ ಕೆಲವೊಮ್ಮೆ ಬ್ಯಾಗಿನೊಳಗೇ ಎದ್ದು ಕೂತು ಬಿಸಿಯಾಗುವುದು, ಎರಡಕ್ಕೂ ಮೂಲ ಇಲ್ಲಿದೆ.

ಅದಕ್ಕಿಂತ ದೊಡ್ಡದು, ಬದಲಾಯಿಸುವ ಸ್ವಾತಂತ್ರ್ಯ. ಮ್ಯಾಕ್ ತನ್ನ ಜೀವಮಾನದಲ್ಲಿ ಮೂರು ಸಲ ಚಿಪ್ ವಂಶವನ್ನೇ ಬದಲಿಸಿದೆ: 1994ರಲ್ಲಿ ಪವರ್‌ಪಿಸಿಗೆ, 2006ರಲ್ಲಿ ಇಂಟೆಲ್‌ಗೆ, 2020ರ ನವೆಂಬರ್‌ನಲ್ಲಿ ತನ್ನದೇ ಎಂ1ಗೆ. ಎಂ1 ಬಂದಾಗ ಬ್ಯಾಟರಿ ಬಾಳಿಕೆ ಒಮ್ಮೆಲೇ ಎಲ್ಲಿಗೋ ಹೋಯಿತು. ವಿಂಡೋಸ್ ಕೂಡ ಎಂ1 ಜಾತಿಯ ಆರ್ಮ್ ಚಿಪ್ ಕಡೆಗೆ ವರ್ಷಗಳಿಂದ ಹೆಜ್ಜೆ ಹಾಕುತ್ತಲೇ ಇದೆ, ಆದರೆ ಅವರು ಇಂಟೆಲ್‌ನವರನ್ನೂ ಕೇಳಬೇಕು, ಡೆಲ್‌ನವರನ್ನೂ ಕೇಳಬೇಕು, ಪ್ರಿಂಟರ್ ಮಾಡುವವರನ್ನೂ ಕೇಳಬೇಕು, ಊರಿಗೆಲ್ಲ ಒಪ್ಪಿಗೆ ಆಗುವ ಹೊತ್ತಿಗೆ ಬೆಳಗಾಗಿರುತ್ತದೆ.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್‌ನ ಒಂದು ಕೆಟ್ಟ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಮ್ಯಾಕ್‌ಗಳಿಗೆ ಏನೂ ಆಗಲಿಲ್ಲ. ಆ ಅಪ್‌ಡೇಟ್ ಅವಕ್ಕೆ ಬಂದಿರಲಿಲ್ಲ ಅನ್ನುವುದು ನೇರ ಕಾರಣ, ಆದರೆ ಇನ್ನೊಂದೂ ಇದೆ. ಹೊರಗಿನ ಕಂಪನಿಗಳ ಸಾಫ್ಟ್‌ವೇರನ್ನು ಓಎಸ್‌ನ ಗರ್ಭಗುಡಿಯಿಂದ ಹೊರಗೆ ಹಾಕುವ ಕೆಲಸವನ್ನು ಆಪಲ್ 2019ರ ಮ್ಯಾಕ್‌ಓಎಸ್ ಕ್ಯಾಟಲಿನಾ ಆವೃತ್ತಿಯಿಂದಲೇ ಶುರುಮಾಡಿತ್ತು. ಯಾರನ್ನೂ ಕೇಳಬೇಕಾಗಿರಲಿಲ್ಲ.

ಆದರೆ ಅದೇ ಕ್ಯಾಟಲಿನಾದಲ್ಲಿ ಹಳೇ ಬಗೆಯ 32 ಬಿಟ್ ಪ್ರೋಗ್ರಾಂಗಳನ್ನೂ ಒಂದೇ ಏಟಿಗೆ ಕಿತ್ತುಹಾಕಿದರು. ಹಿಂದಿನ ದಿನ ಓಡುತ್ತಿದ್ದ ಹಳೇ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಓಡಲಿಲ್ಲ. ದುಡ್ಡು ಕೊಟ್ಟು ಕೊಂಡದ್ದು ಅಂತ ಗೋಳಾಡಿದರೂ ಕೇಳುವವರಿಲ್ಲ. ವಿಂಡೋಸ್‌ನಲ್ಲಾದರೆ ಇಪ್ಪತ್ತು ವರ್ಷ ಹಳೆಯ ಪ್ರೋಗ್ರಾಂ ಕೂಡ ಎಷ್ಟೋ ಸಲ ಹಾಗೇ ತೆರೆದುಕೊಳ್ಳುತ್ತದೆ. ಬದಲಾವಣೆಯ ಸ್ವಾತಂತ್ರ್ಯ ಆಪಲ್‌ದು, ನಿಮ್ಮದಲ್ಲ. ಇದನ್ನು ಮರೆಯಬೇಡಿ.

ಕ್ರೋಮ್‌ಓಎಸ್: ಒಂದೇ ಓಎಸ್, ಎರಡು ಬಗೆ

ಬೀಗದಿಂದ ತಾಂತ್ರಿಕವಾಗಿ ಏನು ಸಿಗುತ್ತದೆ ಅನ್ನುವುದನ್ನು ಪಕ್ಕಪಕ್ಕದಲ್ಲಿ ನೋಡಬೇಕು ಅಂದರೆ ಗೂಗಲ್ ಕಡೆ ಬನ್ನಿ. ಕ್ರೋಮ್‌ಓಎಸ್ ಕ್ರೋಮ್‌ಬುಕ್‌ಗಳಿಗೆ ಮಾತ್ರ. ಗೂಗಲ್ ತಾನೇ ಎಲ್ಲ ಕ್ರೋಮ್‌ಬುಕ್ ಮಾಡಲ್ಲ, ಏಸರ್, ಲೆನೊವೊ, ಎಚ್‌ಪಿ ಮಾಡುತ್ತವೆ, ಆದರೆ ಒಳಗಿನ ಭದ್ರತಾ ಚಿಪ್, ಫರ್ಮ್‌ವೇರ್ (ಆನ್ ಆದ ತಕ್ಷಣ ಮೊದಲು ಓಡುವ ಸಾಫ್ಟ್‌ವೇರ್) ಗೂಗಲ್ ಹೇಳಿದಂತೆಯೇ ಇರಬೇಕು. ಇನ್ನೊಂದು ಕಡೆ ಕ್ರೋಮ್‌ಓಎಸ್ ಫ್ಲೆಕ್ಸ್ ಇದೆ, 2022ರಲ್ಲಿ ಬಂದದ್ದು, ಉಚಿತ, ಯಾವ ಹಳೇ ಪಿಸಿಗಾದರೂ ಪೆನ್‌ಡ್ರೈವ್‌ನಿಂದ ಹಾಕಿ ನೋಡಬಹುದು.

ಎರಡೂ ನೋಡೋಕೆ ಒಂದೇ. ಆದರೆ ಫ್ಲೆಕ್ಸ್‌ನಲ್ಲಿ ಪ್ಲೇ ಸ್ಟೋರ್ ಇಲ್ಲ, ಆಂಡ್ರಾಯ್ಡ್ ಆ್ಯಪ್ ಓಡಲ್ಲ. ಗೂಗಲ್‌ನ ಭದ್ರತಾ ಚಿಪ್ ಇಲ್ಲದ್ದರಿಂದ, ಆನ್ ಆಗುವಾಗ ಓಎಸ್ ತನ್ನನ್ನು ತಾನೇ ಬುಡದಿಂದ ಪರೀಕ್ಷಿಸಿಕೊಳ್ಳುವ ಏರ್ಪಾಡೂ ಕ್ರೋಮ್‌ಬುಕ್‌ನಷ್ಟು ಗಟ್ಟಿ ಇಲ್ಲ. ವೈಫೈ, ಕ್ಯಾಮೆರಾ, ಬೆರಳಚ್ಚು ಓದುವ ಗುಂಡಿ ಕೆಲಸ ಮಾಡುತ್ತವಾ ಇಲ್ಲವಾ ಅನ್ನುವುದು ನಿಮ್ಮ ಯಂತ್ರದ ಅದೃಷ್ಟ. ಕ್ರೋಮ್‌ಬುಕ್‌ಗಾದರೆ ಹತ್ತು ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂತ 2023ರಲ್ಲಿ ಗೂಗಲ್ ಘೋಷಿಸಿತು. ಒಂದು ಎಚ್ಚರಿಕೆ, ಆ ಹತ್ತು ವರ್ಷ ನೀವು ಕೊಂಡ ದಿನದಿಂದ ಎಣಿಸುವುದಲ್ಲ, ಆ ಮಾದರಿಯ ಪ್ಲಾಟ್‌ಫಾರ್ಮ್ ಹೊರಬಂದ ದಿನದಿಂದ. ಆನ್‌ಲೈನ್ ಸೇಲ್‌ನಲ್ಲಿ ಬಹಳ ಅಗ್ಗಕ್ಕೆ ಕಂಡ ಕ್ರೋಮ್‌ಬುಕ್‌ನ ಅಪ್‌ಡೇಟ್ ಕೊನೆಯ ದಿನಾಂಕ ನೋಡಿಯೇ ದುಡ್ಡು ಕೊಡಿ.

ವಿಂಡೋಸ್‌ಗೆ ಬೀಗ ಇಲ್ಲ, ಗೇಟ್ ಇದೆ

1981ರ ಐಬಿಎಂ ಪಿಸಿಗೆ ಓಎಸ್ ಕೊಟ್ಟಾಗ ಅದನ್ನು ಬೇರೆಯವರಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನ ಬಳಿಯೇ ಉಳಿಸಿಕೊಂಡಿತು. ಕಂಪ್ಯಾಕ್ ಮತ್ತಿತರರು ಐಬಿಎಂ ನಕಲು ಯಂತ್ರ ಮಾಡಿದಾಗ ಎಲ್ಲರಿಗೂ ಓಎಸ್ ಮಾರಿದ್ದು ಇವರೇ. ಯಂತ್ರ ಯಾರದಾದರೇನು, ಲೈಸೆನ್ಸ್ ದುಡ್ಡು ಬಂದರಾಯಿತು. ಹಾಗಾಗಿ ಬೀಗ ಹಾಕಿದರೆ ಅವರಿಗೇ ನಷ್ಟ.

ಹಾಗಂತ ಪೂರ್ತಿ ಬಾಗಿಲು ತೆರೆದಿದೆ ಅಂತಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಏರ್ಪಾಡು ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಚಿಪ್ ಅಥವಾ ಆಮೇಲಿನದು ಬೇಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ಚೆನ್ನಾಗೇ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳು ಕಾಗದದ ಮೇಲೆ ಮುದುಕಾದವು. ಇನ್ನೊಂದು, ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಲೈಸೆನ್ಸ್ ಆ ಯಂತ್ರದ ಮದರ್‌ಬೋರ್ಡ್‌ಗೆ ಅಂಟಿರುತ್ತದೆ. ಹೊಸ ಯಂತ್ರಕ್ಕೆ ಎತ್ತಿಕೊಂಡು ಹೋಗೋಕೆ ಆಗಲ್ಲ.

ಲಿನಕ್ಸ್

ಲಿನಕ್ಸ್‌ಗೆ ಬೀಗವೂ ಇಲ್ಲ, ಗೇಟೂ ಇಲ್ಲ. ತೊಂದರೆ ಬರುವುದು ಬೇರೆಯವರ ಬೀಗದಿಂದ. ಆಪಲ್ ಚಿಪ್ಪಿನ ಮ್ಯಾಕ್‌ನಲ್ಲಿ ಬೇರೆ ಓಎಸ್ ಬೂಟ್ ಮಾಡಲು, ಅಂದರೆ ಎಬ್ಬಿಸಲು ಆಪಲ್ ಅವಕಾಶ ಕೊಟ್ಟಿದೆ, ಅದು ನಿಜ. ಆದರೆ ಒಳಗಿನ ಭಾಗಗಳು ಹೇಗೆ ಕೆಲಸ ಮಾಡುತ್ತವೆ ಅಂತ ಒಂದು ಪುಟವನ್ನೂ ಬರೆದು ಕೊಟ್ಟಿಲ್ಲ. ಈ ಮ್ಯಾಕ್‌ಗಳಿಗೆ ಲಿನಕ್ಸ್ ತರಲು ಹೊರಟ ಅಸಾಹಿ ಲಿನಕ್ಸ್ ತಂಡದವರು ಒಂದೊಂದೇ ಭಾಗವನ್ನು ಕೆದಕಿ, ಊಹಿಸಿ, ಗ್ರಾಫಿಕ್ಸ್ ಡ್ರೈವರನ್ನೂ ತಾವೇ ಬರೆದರು. 2023ರ ಡಿಸೆಂಬರ್‌ನಲ್ಲಿ ಫೆಡೋರಾ ಅನ್ನುವ ಲಿನಕ್ಸ್ ತಂಡದ ಜೊತೆ ಸೇರಿ ಎಂ1, ಎಂ2 ಮ್ಯಾಕ್‌ಗಳಿಗೆ ಒಂದು ಆವೃತ್ತಿ ಬಿಟ್ಟರು. ಆ ಕೆಲಸಕ್ಕೆ ಕೈಮುಗಿಯಬೇಕು. ಆದರೆ ಲಿನಕ್ಸ್‌ಗಾಗಿಯೇ ಹೊಸ ಯಂತ್ರ ಕೊಳ್ಳುವವರು ಮ್ಯಾಕ್ ಕೊಳ್ಳಬಾರದು, ಲೆನೊವೊದ ಥಿಂಕ್‌ಪ್ಯಾಡ್‌ನಂಥದ್ದು ಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ನಿಮಗೆ ಯಾವುದು?

ಐಫೋನ್ ಆ್ಯಪ್ ಮಾಡುವುದು ನಿಮ್ಮ ಕೆಲಸ ಆಗಿದ್ದರೆ ಯೋಚನೆಯೇ ಬೇಡ. ಆ ಆ್ಯಪ್ ಬರೆಯುವ ಆಪಲ್‌ನ ಸಾಧನ ಎಕ್ಸ್‌ಕೋಡ್ ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ. ಮಾನಿಟರ್, ಕೀಬೋರ್ಡ್ ಈಗಾಗಲೇ ಇದ್ದರೆ ಮ್ಯಾಕ್ ಮಿನಿ ಸಾಕು. ಕ್ಲೌಡ್ ಮ್ಯಾಕ್ ಬಾಡಿಗೆ ಎಂದಾದರೂ ಒಮ್ಮೆ ಪರೀಕ್ಷೆ ಮಾಡೋಕೆ ಸರಿ, ದಿನಾ ಕೆಲಸಕ್ಕೆ ದುಬಾರಿ ಬೀಳುತ್ತದೆ.

ಅಂಗಡಿ, ಲೆಕ್ಕಪತ್ರ, ಜಿಎಸ್‌ಟಿ ಕೆಲಸ ಇದ್ದರೆ ವಿಂಡೋಸ್. ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿ, ಆದರೆ ಅದರ ಲೆಕ್ಕಪತ್ರ ಸಾಫ್ಟ್‌ವೇರ್ ಟ್ಯಾಲಿಪ್ರೈಮ್ ಬರೆದದ್ದು ವಿಂಡೋಸ್‌ಗೆ. ಮ್ಯಾಕ್‌ನಲ್ಲಿ ಪ್ಯಾರಲಲ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿ ಅದರೊಳಗೆ ವಿಂಡೋಸ್ ಓಡಿಸಬಹುದು, 2023ರಿಂದ ಮೈಕ್ರೋಸಾಫ್ಟ್ ಕೂಡ ಇದಕ್ಕೆ ಅಧಿಕೃತವಾಗಿ ಒಪ್ಪಿದೆ. ಆದರೆ ಅಲ್ಲಿ ಓಡುವುದು ಆರ್ಮ್ ಚಿಪ್ಪಿನ ವಿಂಡೋಸ್. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಹಳೇ ಪ್ರಿಂಟರ್, ಬಾರ್‌ಕೋಡ್ ಯಂತ್ರ, ಇವುಗಳ ಡ್ರೈವರ್ ಅಲ್ಲಿ ಕೈಕೊಡಬಹುದು. ರಿಟರ್ನ್ ಹಾಕುವ ಕೊನೇ ದಿನ ಇದೆಲ್ಲ ಬೇಕಾ?

ಕನ್ನಡದ ಕೆಲಸ ಮಾಡುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಯೂನಿಕೋಡ್ ಕನ್ನಡ, ಅಂದರೆ ಯಾವ ಯಂತ್ರದಲ್ಲೂ ಒಂದೇ ಥರ ಓದಬಹುದಾದ ಕನ್ನಡ, ನಾಲ್ಕೂ ಕಡೆ ಸಲೀಸು, ಕೀಲಿಮಣೆ ಒಳಗೇ ಬರುತ್ತದೆ ಅಥವಾ ಸುಲಭವಾಗಿ ಸೇರಿಸಿಕೊಳ್ಳಬಹುದು. ಮ್ಯಾಕ್‌ನಲ್ಲಿ ಕನ್ನಡ ಫಾಂಟ್‌ಗಳೂ ಒಳಗೇ ಇವೆ. ಲಿನಕ್ಸ್‌ನಲ್ಲಿ ಐಬಸ್ ಅನ್ನುವ ಟೈಪಿಂಗ್ ಸಾಧನದ ಮೂಲಕ ಕೆಜಿಪಿ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ, ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವ ಕಷ್ಟವಿಲ್ಲ. ತಲೆನೋವು ಹಳೇ ಕಡತಗಳದು. ನುಡಿ, ಬರಹ ಹುಟ್ಟಿ ಬೆಳೆದದ್ದು ವಿಂಡೋಸ್‌ನಲ್ಲಿ. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಮಾಡಿದ, ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಫೈಲ್‌ಗಳು ಇನ್ನೂ ಎಷ್ಟೋ ಪ್ರೆಸ್‌ಗಳಲ್ಲಿ ದಿನಾ ತೆರೆಯುತ್ತವೆ. ಪುಸ್ತಕದ ಡಿಟಿಪಿ ಮಾಡುವವರು ಚಂದ ಇದೆ ಅಂತ ಮ್ಯಾಕ್ ತಗೊಂಡರೆ ಆಮೇಲೆ ಆ ಫೈಲ್ ತೆರೆಯೋಕೆ ಪಕ್ಕದಲ್ಲಿ ಒಂದು ವಿಂಡೋಸ್ ಪಿಸಿ ಇಟ್ಟುಕೊಳ್ಳಲೇಬೇಕಾಗುತ್ತದೆ.

ಆಟ ಆಡುವವರಿಗೆ ವಿಂಡೋಸ್, ಚರ್ಚೆ ಬೇಡ. ವಿಡಿಯೋ ಎಡಿಟಿಂಗ್, ಸಂಗೀತ, ದಿನವಿಡೀ ಚಾರ್ಜರ್ ಇಲ್ಲದ ಓಡಾಟ ಅಂದರೆ ಮ್ಯಾಕ್‌ಬುಕ್ ಏರ್. ಕಾಲೇಜು ಹುಡುಗರಿಗೆ ನಾನು ಮೊದಲು ಹೇಳುವುದು ಕೋರ್ಸಿನ ಸಾಫ್ಟ್‌ವೇರ್ ಪಟ್ಟಿ ತರಿಸಿಕೊಳ್ಳಿ ಅಂತ. ಎಂಜಿನಿಯರಿಂಗ್ ವಿನ್ಯಾಸದ ಆಟೊಕ್ಯಾಡ್ ಮ್ಯಾಕ್‌ಗೂ ಬರುತ್ತದೆ, ಸಾಲಿಡ್‌ವರ್ಕ್ಸ್ ಬರಲ್ಲ. ಮೆಕ್ಯಾನಿಕಲ್ ಓದುವ ಮಗನಿಗೆ ಲಕ್ಷ ಕೊಟ್ಟು ಮ್ಯಾಕ್ ಕೊಡಿಸಿ, ಅವನು ಲ್ಯಾಬ್‌ನ ಪಿಸಿಗೆ ಸರದಿ ಕಾಯುವ ಹಾಗಾಗಬಾರದು.

ಮನೆಯಲ್ಲಿ ವಿಂಡೋಸ್ 11 ಬಾರದ ಹಳೇ ಲ್ಯಾಪ್‌ಟಾಪ್ ಇದ್ದರೆ ಗುಜರಿಗೆ ಹಾಕಬೇಡಿ. ಎಸ್‌ಎಸ್‌ಡಿ ಇಲ್ಲದಿದ್ದರೆ ಒಂದು ಹಾಕಿಸಿ, ಲಿನಕ್ಸ್ ಮಿಂಟ್ ಸೇರಿಸಿ. ಯೂಟ್ಯೂಬ್, ಬ್ಯಾಂಕ್ ವೆಬ್‌ಸೈಟ್, ಮೇಲ್ ಬಿಟ್ಟು ಬೇರೇನೂ ಬೇಡ ಅನ್ನುವ ಅಪ್ಪ ಅಮ್ಮನಿಗಾದರೆ ಕ್ರೋಮ್‌ಓಎಸ್ ಫ್ಲೆಕ್ಸ್ ಇನ್ನೂ ಸರಳ, ಕೆಡಿಸೋಕೆ ಅಲ್ಲಿ ಹೆಚ್ಚೇನೂ ಇಲ್ಲ.

ಹ್ಯಾಕಿಂಟಾಷ್ ವಿಷಯ ಉಳಿಯಿತು. ಓಪನ್‌ಕೋರ್ ಅನ್ನುವ ಬೂಟ್‌ಲೋಡರ್ (ಓಎಸ್ ಎಬ್ಬಿಸುವ ಪ್ರೋಗ್ರಾಂ) ಇದೆ, ಬಹಳ ಜಾಣ ಕೆಲಸ. ಕಲಿಯುವ ಹುಚ್ಚಿದ್ದವರಿಗೆ ಓಎಸ್ ಹೇಗೆ ಏಳುತ್ತದೆ ಅನ್ನುವುದನ್ನು ಅದರಷ್ಟು ಚೆನ್ನಾಗಿ ಯಾವುದೂ ಕಲಿಸಲ್ಲ. ಆದರೆ ಅಪ್‌ಡೇಟ್ ಬಂದಾಗಲೆಲ್ಲ ವೈಫೈ ಹೋಯಿತಾ, ಸ್ಲೀಪ್ ಹೋಯಿತಾ ಅಂತ ನೋಡುತ್ತಾ ಕೂರಬೇಕು. ಲೈಸೆನ್ಸ್ ಪ್ರಕಾರವೂ ಅದು ಸರಿಯಲ್ಲ. ಜೊತೆಗೆ, ಇಂಟೆಲ್ ಚಿಪ್ಪಿಗೆ ಬರುವ ಕೊನೆಯ ಮ್ಯಾಕ್‌ಓಎಸ್ ಟಹೋ ಅಂತ ಆಪಲ್ 2025ರ ಜೂನ್‌ನಲ್ಲಿ ಹೇಳಿಯಾಗಿದೆ. ಅದರ ನಂತರದವು ಆಪಲ್ ಚಿಪ್ಪಿಗೆ ಮಾತ್ರ. ಆ ಚಿಪ್ಪನ್ನು ಆಪಲ್ ಯಾರಿಗೂ ಮಾರಲ್ಲ. ಎಸ್‌ಎಂಸಿ ಒಳಗಿನ ಪದ್ಯದ ಕಾಲ ಮುಗಿಯಿತು, ಈಗ ಇಡೀ ಚಿಪ್ಪೇ ಬೀಗ.

ಇದರಿಂದ ಸೆಕೆಂಡ್ ಹ್ಯಾಂಡ್ ಮ್ಯಾಕ್ ಹುಡುಕುವವರಿಗೆ ಒಂದು ನೇರ ಪರಿಣಾಮ ಇದೆ. ಓಎಲ್ಎಕ್ಸ್‌ನಂಥ ಕಡೆ ಇಂಟೆಲ್ ಮ್ಯಾಕ್‌ಬುಕ್‌ಗಳು ಅಗ್ಗಕ್ಕೆ ಬರುತ್ತಲೇ ಇವೆ, ಕಾರಣ ಇದೇ. ಟಹೋ ಬಂದದ್ದು ನಾಲ್ಕೇ ಇಂಟೆಲ್ ಮಾದರಿಗಳಿಗೆ, ಅವಕ್ಕೂ ಇನ್ನು ಬರುವುದು ಕೆಲವು ವರ್ಷದ ಭದ್ರತಾ ಅಪ್‌ಡೇಟ್ ಅಷ್ಟೇ. ಲಿನಕ್ಸ್ ಹಾಕುವ ಉದ್ದೇಶ ಇದ್ದರೂ 2018ರ ನಂತರದ ಇಂಟೆಲ್ ಮ್ಯಾಕ್‌ಬುಕ್‌ಗಳಲ್ಲಿ ಆಪಲ್‌ನ ಟಿ2 ಭದ್ರತಾ ಚಿಪ್ ಇರುತ್ತದೆ, ಕೀಬೋರ್ಡ್, ಆಡಿಯೊಗೆಲ್ಲ ಬೇರೆ ಡ್ರೈವರ್ ಹುಡುಕಬೇಕು. ಅದರ ಬದಲು ಬ್ಯಾಟರಿ ಚೆನ್ನಾಗಿರುವ ಎಂ1 ಏರ್ ಸಿಕ್ಕರೆ ತಗೊಳ್ಳಿ. ದುಡ್ಡು ಕೊಡುವ ಮುಂಚೆ ಮೂಲೆಯ ಸೇಬಿನ ಚಿತ್ರ ಒತ್ತಿ "ಅಬೌಟ್ ದಿಸ್ ಮ್ಯಾಕ್" ತೆರೆದು ಚಿಪ್ ಯಾವುದು ಅಂತ ಕಣ್ಣಾರೆ ನೋಡಿ. ಆಮೇಲೆ ಮಾರುವವರು ನಿಮ್ಮ ಎದುರೇ ಐಕ್ಲೌಡ್‌ನಿಂದ ಸೈನ್ ಔಟ್ ಆಗಿ, ಯಂತ್ರವನ್ನು ಪೂರ್ತಿ ಅಳಿಸಿ, ಮತ್ತೆ ಆನ್ ಮಾಡಿ ತೋರಿಸಲಿ. ಹಳೇ ಮಾಲೀಕರ ಆಪಲ್ ಐಡಿ ಕೇಳಿದರೆ ಅದು ಆ್ಯಕ್ಟಿವೇಷನ್ ಲಾಕ್, ಆ ಪಾಸ್‌ವರ್ಡ್ ಸಿಗದೆ ಯಂತ್ರ ಮುಂದೆ ಹೋಗಲ್ಲ. "ಮನೆಗೆ ಹೋಗಿ ಪಾಸ್‌ವರ್ಡ್ ಕಳಿಸ್ತೀನಿ" ಅಂದರೆ ಕಳಿಸಿದ ಮೇಲೆ ದುಡ್ಡು ಕೊಡ್ತೀನಿ ಅನ್ನಿ.